ಆರು ಗಂಟೆಯ ಗುಳಿಗೆ

"ಸಹನಾ! ಅಲಾರಾಂ ಬಡಕೊಳ್ಳಾಕತ್ತೈತಿ, ಕಿವಿ ಅದಾವೋ ಇಲ್ಲೋ?"

ಅಡುಗೆಮನೆಯಿಂದ ಅವ್ವ ಕೂಗಿದಳು. ಸಹನಾಳ ಕಿವಿ ಚೆನ್ನಾಗಿಯೇ ಇದ್ದವು. ಕಣ್ಣುಗಳೇ ಬಿಡಲು ಒಪ್ಪುತ್ತಿರಲಿಲ್ಲ. ಅವಳು ಹೊದಿಕೆಯೊಳಗಿಂದ ಕೈ ಚಾಚಿ, ತಡಕಾಡಿ, ಮೊಬೈಲಿನ ಬಾಯಿ ಮುಚ್ಚಿಸಿದಳು. ಆ ಟ್ಯೂನನ್ನು ಹುಡುಕಿ ಹುಡುಕಿ ಇಟ್ಟವಳು ಅವಳೇ. ಈಗ ಅದು ಬೇರೆಯವರ ಮೊಬೈಲಿನಲ್ಲಿ ಕೇಳಿಸಿದರೂ ಅವಳಿಗೆ ಅಳು ಬಂದಂತಾಗುತ್ತಿತ್ತು.

ಆರು ಗಂಟೆ ಎಂದರೆ ಅಜ್ಜನ ಗುಳಿಗೆ.

ಅಜ್ಜ ನಾಗಲಿಂಗಪ್ಪನಿಗೆ ಪಾರ್ಕಿನ್ಸನ್ ಎಂಬ ಕಾಯಿಲೆ. ಓಣಿಯವರು ಅದನ್ನು ನಡುಕದ ಬ್ಯಾನಿ ಅನ್ನುತ್ತಿದ್ದರು. ನಡುಕ ಒಂದೇ ಆಗಿದ್ದರೆ ಎಷ್ಟೋ ಪಾಡಿತ್ತು. ಏಳಬೇಕು ಅಂದರೆ ಮೈ ಬಿಗಿಯುತ್ತಿತ್ತು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ದನಿ ಸಣ್ಣದಾಗಿತ್ತು. ನಗುವಾಗಲೂ ಬೇಜಾರಾದಾಗಲೂ ಮುಖ ಒಂದೇ ಥರ ಇರುತ್ತಿತ್ತು. ಹಳಿಯಾಳದ ಪೇಟೆಯಲ್ಲಿ ಹಗ್ಗ, ಎತ್ತಿನ ಗೆಜ್ಜೆ ಮಾರುತ್ತ, ಆಚೆ ಅಂಗಡಿಗೂ ಕೇಳುವಂತೆ ನಗುತ್ತಿದ್ದ ಅಜ್ಜ ಇವನೇನಾ ಅಂತ ಸಹನಾಳಿಗೆ ಕೆಲವು ಸಲ ಅನಿಸುತ್ತಿತ್ತು.

ಮೊದಲು ಮಧ್ಯಾಹ್ನ ಒಂದು, ಸಂಜೆ ಒಂದು ಗುಳಿಗೆ ಇತ್ತು. ಮುಂಜಾನೆ ನಡುಕ ಹೆಚ್ಚಾಯಿತು ಅಂತ ಧಾರವಾಡದ ಡಾಕ್ಟರು ಇನ್ನೊಂದನ್ನು ಸೇರಿಸಿದ್ದರು. "ಎದ್ದ ಕೂಡಲೆ, ಖಾಲಿ ಹೊಟ್ಟಿಲೆ, ಬರೇ ನೀರಿನ ಜೋಡಿ ಕೊಡ್ರಿ. ಹಾಲು, ನಾಷ್ಟಾ ಎಲ್ಲಾ ಆಮ್ಯಾಲೆ. ಟೈಮ್ ತಪ್ಪಸಬ್ಯಾಡ್ರಿ" ಅಂತ ಒತ್ತಿ ಒತ್ತಿ ಹೇಳಿದ್ದರು.

ಅಪ್ಪ ಬಾಡಿಗೆ ಗಾಡಿ ಹೊಡೆಯುವವನು, ನಸುಕಿನಲ್ಲೇ ಹೋಗಿಬಿಡುತ್ತಿದ್ದ. ಅವ್ವ ಸುನಂದಾ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಅಂಗನವಾಡಿಗೆ ಓಡಬೇಕು. ಹೀಗಾಗಿ ಆರು ಗಂಟೆಯ ಗುಳಿಗೆ ಸಹನಾಳ ಪಾಲಿಗೆ ಬಂತು.

ಅವಳು ಒಂದು ಕಣ್ಣು ಮುಚ್ಚಿಕೊಂಡೇ ಗುಳಿಗೆ, ನೀರಿನ ತಂಬಿಗೆ ಹಿಡಿದು ಅಜ್ಜನ ಹತ್ತಿರ ಹೋದಳು.

"ಅಜ್ಜಾ, ಗುಳಿಗಿ."

"ಅಲ್ಲೆ ಕಿಡಕ್ಯಾಗ ಇಡವಾ. ತಗೋತೇನಿ."

ದಿನಾ ಇದೇ ಮಾತು. ಅವಳು ಕಿಟಕಿಯಲ್ಲಿಟ್ಟು ಬಂದು ಮತ್ತೆ ಹಾಸಿಗೆಗೆ ಬಿದ್ದಳು.

ಅಷ್ಟು ಮಾಡಿದರೂ ಮುಂಜಾನೆಯ ನಡುಕ ಒಂದಿಷ್ಟೂ ಇಳಿದಿರಲಿಲ್ಲ. ಹೋದ ಸಲ ಡಾಕ್ಟರು ಡೋಸ್ ಜಾಸ್ತಿ ಮಾಡಿದರು. ಅಂದಿನಿಂದ ಮಧ್ಯಾಹ್ನವಾದರೆ ಅಜ್ಜನಿಗೆ ತಲೆ ತಿರುಗಿ, ಹೊಟ್ಟೆ ತೊಳಸಿ, ಗೋಡೆ ಹಿಡಿದು ಕೂರುವಂತಾಗಿತ್ತು.

"ನಾಡದು ಮತ್ತ ಧಾರವಾಡ," ಅವ್ವ ಅವಳಿಗೆ ಜಡೆ ಹಾಕುತ್ತ ಅಂದಳು. "ಇನ್ನೂ ಏರಸ್ತಾರೇನೋ. ಹೌದಿಲ್ಲೋ, ನೀ ಗುಳಿಗಿ ದಿನಾ ಕೊಡ್ತಿ ಅಲಾ?"

"ಕೊಡ್ತೇನಿ ಅಂದ್ನೆಲ್ಲಾ!"

"ಯಾಕ ಒದರ್ತಿ? ಕೇಳಿದೆ."

ಸಹನಾಳಿಗೆ ಸಿಟ್ಟು ನೆತ್ತಿಗೇರಿತು. ನಿದ್ದೆಗೆಟ್ಟು ಕೊಡುವವಳು ಅವಳು. ಕೊಟ್ಟ ಮೇಲೆ ಅನುಮಾನವೂ ಅವಳ ಮೇಲೇ. ಆ ಸಿಟ್ಟಿನಲ್ಲೇ ಬ್ಯಾಗ್ ಏರಿಸಿಕೊಂಡು ಹೊರಟಳು. ಅವ್ವನೂ ಅಂಗನವಾಡಿಯ ಕಡೆ ನಡೆದಳು. ಓಣಿಯ ತುದಿಗೆ ಹೋದ ಮೇಲೆ ಸಹನಾಳಿಗೆ ಕಂಪಾಸ್ ಬಾಕ್ಸ್ ನೆನಪಾಯಿತು. ಇವತ್ತು ಗಣಿತದ ಟೆಸ್ಟು! ಅವಳು ತಿರುಗಿ ಓಡಿದಳು.

ಮನೆ ಸದ್ದಿಲ್ಲದೆ ಇತ್ತು. ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಜ್ಜ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಕುರ್ಚಿಯ ಮೇಲೆ ಕುಳಿತಿದ್ದ. ಸದಾ ಅವನ ಎದೆಯ ಮೇಲೆ ತೂಗುವ ಬೆಳ್ಳಿಯ ಕರಡಿಗೆ ಬಾಯಿ ತೆರೆದಿತ್ತು. ಅದರೊಳಗಿನ ಇಷ್ಟಲಿಂಗ ಈಗ ಅವನ ಎಡ ಅಂಗೈಯಲ್ಲಿತ್ತು.

ಆ ಅಂಗೈ ಗದಗದ ನಡುಗುತ್ತಿತ್ತು. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಒತ್ತಿ ಹಿಡಿದಿದ್ದ. ಹಾಗೆ ಹಿಡಿದಷ್ಟೂ ಬಲಗೈಯೂ ಸೇರಿ ನಡುಗುತ್ತಿತ್ತು. ಲಿಂಗ ಆಚೆ ಈಚೆ ಜಾರಿ, ಬೆರಳಿನ ಅಂಚಿಗೆ ಬಂದು, ಪುಸಕ್ಕನೆ ಅವನ ತೊಡೆಯ ಮೇಲಿನ ಧೋತರದ ಮಡಿಕೆಯೊಳಗೆ ಬಿತ್ತು.

"ಅಯ್ಯೋ!" ಅಂದಳು ಸಹನಾ.

ಅಜ್ಜ ತಲೆ ಎತ್ತಿದ. ಮುಖ ಎಂದಿನಂತೆಯೇ ಇತ್ತು. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಅವನು ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡ.

"ನೆಲಕ್ಕ ಬೀಳಲಿಲ್ಲ," ಅಂದ ಮೆಲ್ಲಗೆ. "ಶಿವ ದೊಡ್ಡಾಂವ. ಯಾರಿಗೂ ಹೇಳಬ್ಯಾಡವಾ."

ಆಗ ಅವಳ ಕಣ್ಣು ವಿಭೂತಿಯ ಪಕ್ಕಕ್ಕೆ ಹೋಯಿತು. ಅಲ್ಲಿತ್ತು ಗುಳಿಗೆ. ಅವಳೇ ಮುಂಜಾನೆ ಕೊಟ್ಟಿದ್ದ ಗುಳಿಗೆ.

"ಅಜ್ಜಾ! ನೀ ತಗೊಂಡೇ ಇಲ್ಲ!"

"ಪೂಜಾ ಆದ ಮ್ಯಾಲೆ ತಗೋತೇನಲ್ಲ."

"ಈಗ ಟೈಮ್ ಎಷ್ಟಾತು? ಪೂಜಾ ಮುಗಸಿ, ನಾಷ್ಟಾ ಮಾಡಿ, ಹಾಲು ಕುಡ್ದು ತಗೋತೀ? ದಿನಾ ಹಿಂಗ?"

ಅಜ್ಜ ತಲೆ ತಗ್ಗಿಸಿದ. ಅಂದರೆ ದಿನಾ ಹೀಗೇ. ಮುಂಜಾನೆಯ ಗುಳಿಗೆ ತಡವಾಗಿ ಹೊಟ್ಟೆ ಸೇರುತ್ತಿತ್ತು, ಅದೂ ಹಾಲಿನ ಮೇಲೆ. ಅದರ ಬೆನ್ನಿಗೇ ಮಧ್ಯಾಹ್ನದ್ದು. ತಲೆ ತಿರುಗದೆ ಇನ್ನೇನಾದೀತು?

"ನಾ ನಿದ್ದಿಗೆಟ್ಟು ಏಳೂದು ಯಾಕ ಹಂಗಾರ? ಅವ್ವ ನನ್ನ ಮ್ಯಾಲೆ ಡೌಟ್ ಪಡ್ತಾಳ! ಡಾಕ್ಟರು ಸುಮ್ ಸುಮ್ನ ಡೋಸ್ ಏರಸಾಕತ್ಯಾರ!"

ಅವಳು ಅಜ್ಜನ ಮೇಲೆ ಹೀಗೆ ರೇಗಿದ್ದು ಇದೇ ಮೊದಲು. ಅಜ್ಜನಿಗೆ ಬೇಸರವಾಯಿತೋ ಇಲ್ಲವೋ, ಮುಖ ನೋಡಿ ತಿಳಿಯುವಂತಿರಲಿಲ್ಲ.

"ಸಣ್ಣ ಹುಡುಗ ಇದ್ದಾಗ ನನಗ ದೀಕ್ಷಾ ಆತವಾ," ಅಂದ ಅವನು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದ. "ಅವತ್ತಿನಿಂದ ಪೂಜಾ ಆಗದ ಹನಿ ನೀರು ಸೈತ ಬಾಯಾಗ ಹಾಕಿಲ್ಲ. ಈಗ ನೋಡು, ಗುಳಿಗಿ ಇಲ್ಲದ ಕೈ ನಿಲ್ಲೂದಿಲ್ಲ. ಕೈ ನಿಲ್ಲದ ಪೂಜಾ ಆಗೂದಿಲ್ಲ. ಪೂಜಾ ಆಗದ ಗುಳಿಗಿ ಹೆಂಗ ನುಂಗಲಿ?"

ಅಜ್ಜ ಧೋತರದ ಮಡಿಕೆಯನ್ನು ಸವರಿಕೊಂಡ.

"ಇವತ್ತ ತೊಡಿ ಮ್ಯಾಲ ಬಿತ್ತು. ನಾಳೆ ನೆಲಕ್ಕ ಬಿದ್ರ? ದಣದೇನಿ ಸಹನಾ. ಕರಡಗಿ ತೆಗೆಯೂದ ಬಿಟ್ಟುಬಿಡ್ಲೇನೋ ಅನಸ್ತೈತಿ. ಅದನ್ನ ಬಿಟ್ಟ ಮ್ಯಾಲೆ ಊಟಾನೂ ಯಾಕ, ಗುಳಿಗಿನೂ ಯಾಕ?"

ಅವಳಿಗೆ ಹೆದರಿಕೆಯಾಯಿತು. ಅಜ್ಜ ಅಂಥ ಮಾತು ಆಡುವವನೇ ಅಲ್ಲ. ಕಂಪಾಸ್ ಬಾಕ್ಸ್ ಎತ್ತಿಕೊಂಡು ಶಾಲೆಗೆ ಓಡಿದಳು.

"ಇವತ್ತೂ ಲೇಟಾ?" ಅಂದರು ಟೀಚರ್. "ದಿನಾ ಒಂದು ಕತಿ ಹೇಳ್ತಿ. ಇವತ್ತಿಂದು ಯಾವ್ದು?"

ಸಹನಾ ಕಂಪಾಸ್ ಬಾಕ್ಸ್ ತೋರಿಸಿದಳು. ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಟೆಸ್ಟಿನಲ್ಲಿ ತ್ರಿಕೋನ ಬರೆಯಬೇಕಿತ್ತು. ಸ್ಕೇಲ್ ಇಟ್ಟು ಗೆರೆ ಎಳೆಯುವಾಗ ಅವಳಿಗೆ ಅಜ್ಜನ ಬೆರಳಂಚಿಗೆ ಜಾರುತ್ತಿದ್ದ ಲಿಂಗವೇ ಕಾಣುತ್ತಿತ್ತು.

ಊಟದ ಬಿಡುವಿನಲ್ಲಿ ಗೆಳತಿ ಪೂನಂ ಹುರಿದ ಶೇಂಗಾ ಕೊಟ್ಟಳು. ಸಹನಾ ಬಾಯಿಗೆ ಹಾಕಿಕೊಳ್ಳಲು ಹೋದವಳು ತಟ್ಟನೆ ನಿಲ್ಲಿಸಿದಳು.

ಹಿಂದೊಮ್ಮೆ ಅಜ್ಜನ ಜೊತೆ ಬಸ್ಸಿನಲ್ಲಿ ಉಳವಿಗೆ ಹೋಗಿದ್ದು ನೆನಪಾಯಿತು. ದಾರಿಯುದ್ದಕ್ಕೂ ಕಾಡು, ತಿರುವಿನ ಮೇಲೆ ತಿರುವು. ಅಜ್ಜ ಪೊಟ್ಟಣದಿಂದ ಶೇಂಗಾ ತೆಗೆದು, ಮೊದಲು ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಯಾಕಜ್ಜಾ?" ಅಂದರೆ, "ಆತಗ ತೋರಸದ ನಾ ತಿನ್ನಬಾರದು. ಆತಗ ಕೊಟ್ಟಿದ್ದ ನನಗ ಪ್ರಸಾದ" ಅಂದಿದ್ದ.

ಸಂಜೆ ಅವಳು ಅಜ್ಜನ ಮಂಚದ ತುದಿಗೆ ಬಂದು ಕುಳಿತಳು.

"ಅಜ್ಜಾ, ಉಳವಿ ಬಸ್ಸಿನ್ಯಾಗ ಶೇಂಗಾ ತೋರಸಿ ತಿಂತಿದ್ದಿ. ಗುಳಿಗಿ ತೋರಸಾಕ ಬರೂದಿಲ್ಲೇನು?"

"ಅದು ಪೂಜಾ ಆದ ಮ್ಯಾಲಿನ ಮಾತು."

"ಮೊದಲ ಸಣ್ಣ ಪೂಜಾ ಮಾಡು. ಗುಳಿಗಿ ಆತಗ ತೋರಸು, ನೀರೂ ತೋರಸು, ನುಂಗು. ಕೈ ನಿಂತ ಮ್ಯಾಲೆ ದೊಡ್ಡ ಪೂಜಾ ಮಾಡು."

"ಸ್ನಾನಾ?"

"ಕೈ ಕಾಲು ಮುಖ ತೊಕ್ಕೊ."

"ಸಣ್ಣ ಪೂಜಾ ಆದ್ರೂ ಕೈ ಬೇಕಲ್ಲವಾ. ಆರು ಗಂಟೇಕ್ಕ ಹೆಂಗ ನಡಗ್ತೈತಿ ಅಂತ ನೀ ನೋಡಿಲ್ಲ."

"ನಂದು ಕೈ ಐತೆಲ್ಲಾ," ಅಂದಳು ಸಹನಾ. ಅಜ್ಜ ಅವಳ ಅಂಗೈಯನ್ನೇ ನೋಡಿದ. ಅವಳು ಮತ್ತೆ, "ಅವ್ವಗ ಹೇಳಬೇಕಾಗ್ತೈತಿ ಅಜ್ಜಾ. ಡಾಕ್ಟರಿಗೆ ಖರೇ ಗೊತ್ತಾಗಬೇಕು" ಅಂದಳು.

"ಹೇಳು," ಅಂದ ಅಜ್ಜ. "ನಾಳೆ ಮುಂಜಾನೆ ಆಗಲಿ. ಆಮ್ಯಾಲೆ ಹೇಳು."

ಸಣ್ಣ ಪೂಜೆಗೆ ಅದು ಹೂಂ ಅಂದದ್ದೋ, ಉಹೂಂ ಅಂದದ್ದೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಅಲಾರಾಂ ಹೊಡೆದಾಗ ಅವಳು ಒಂದೇ ಸಲಕ್ಕೆ ಎದ್ದಳು. ಹೋಗಿ ನೋಡಿದರೆ ಅಜ್ಜ ಆಗಲೇ ಮಂಚದ ಮೇಲೆ ಎದ್ದು ಕುಳಿತಿದ್ದ. ಮುಖ ತೊಳೆದುಕೊಂಡು, ಅಂಗಿ ಎಲ್ಲ ಒದ್ದೆ ಮಾಡಿಕೊಂಡಿದ್ದ. ಹಣೆಯ ವಿಭೂತಿ ಸೊಟ್ಟ ಸೊಟ್ಟಾಗಿ ಕಿವಿಯ ತನಕ ಹೋಗಿತ್ತು. ಎಷ್ಟು ಹೊತ್ತಿನಿಂದ ಒದ್ದಾಡಿದ್ದನೋ ಏನೋ.

"ಕೈ ತೊಕ್ಕೊಂಡು ಬಾ," ಅಂದ.

ಅವಳು ಬಂದು ಕೆಳಗೆ ಕುಳಿತು, ಅಜ್ಜನ ಎಡಗೈಯ ಅಡಿಗೆ ತನ್ನ ಅಂಗೈ ಕೊಟ್ಟಳು. ಅಜ್ಜ ಕರಡಿಗೆ ತೆರೆದು ಲಿಂಗವನ್ನು ತನ್ನ ಅಂಗೈಗೆ ಇಟ್ಟುಕೊಂಡ.

ನಡುಕ ಕೈಬೆರಳಿನಲ್ಲಿ ಮಾತ್ರ ಇರುತ್ತದೆ ಅಂತ ಸಹನಾ ಇಷ್ಟು ದಿನ ತಿಳಿದಿದ್ದಳು. ಈಗ ಅದು ಅವಳ ಅಂಗೈಗೆ ಬಂತು, ಮೊಣಕೈಗೆ ಬಂತು, ಭುಜದ ತನಕ ಹತ್ತಿತು. ಅವಳು ಹಲ್ಲು ಕಚ್ಚಿ ಹಿಡಿದಳು. ಅಜ್ಜ ತುಟಿಯಲ್ಲೇ ಏನೋ ಅಂದುಕೊಂಡ. ಗುಳಿಗೆಯನ್ನು ಲಿಂಗದ ಹತ್ತಿರ ಹಿಡಿದ, ನೀರನ್ನೂ ಹಿಡಿದ. ಆಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಕಣ್ಣು ಮುಚ್ಚಿ ಗುಳಿಗೆ ನುಂಗಿದ.

ಅಷ್ಟೇ ಹೊತ್ತಿಗೆ ಸಹನಾಳ ತೋಳು ಸೋತು ಹೋಗಿತ್ತು. ಅವಳು ಅದನ್ನು ತಿಕ್ಕಿಕೊಂಡಳು.

"ಹಿಂಗ ದಿನಪೂರ್ತಿ ಇರ್ತೈತೇನಜ್ಜಾ?"

"ಹೂಂ."

"ರಾತ್ರಿ?"

"ನಿದ್ದಿ ಹತ್ತಿದ್ರ ನಿಲ್ತೈತಿ."

ನಿನ್ನೆ ತಾನು ನಿದ್ದೆಗೆಟ್ಟೆ ಅಂತ ಕೂಗಾಡಿದ್ದು ನೆನಪಾಗಿ ಸಹನಾಳ ಮುಖ ಬಿಸಿಯಾಯಿತು.

ಅಡುಗೆಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. "ನಾ ಎರಡ ಮಾತು ಕೂತು ಕೇಳಿದ್ರ ಆಗ್ತಿತ್ತು. ಆ ರೊಟ್ಟಿ, ಈ ಡಬ್ಬಿ, ಎಲ್ಲಿ ಟೈಮ್?" ಅಂದು ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಹಿಟ್ಟಾಯಿತು. ಆಮೇಲೆ ಬಾಗಿಲಿಗೆ ಬಂದು, "ಮಾವಾರ, ಸ್ನಾನಕ್ಕ ನೀರು ಕಾದಾವ್ರಿ, ಸಾವಕಾಶ ಬರ್ರಿ" ಅಂದಳು, ದಿನಕ್ಕಿಂತ ಮೆತ್ತಗೆ.

ಅಜ್ಜನ ಸ್ನಾನ ಮುಗಿಯುವಷ್ಟರಲ್ಲಿ ಓಣಿಯಲ್ಲಿ ಬಿಸಿಲು ಬಂದಿತ್ತು. ಹೊಸ್ತಿಲಲ್ಲಿ ಕಾಲು ಒಮ್ಮೆ ತಡೆಯಿತು, ಆಮೇಲೆ ದಾಟಿತು. ಅವನು ದೇವರ ಕೋಣೆಯ ಕುರ್ಚಿಯಲ್ಲಿ ಕುಳಿತ. ಸಹನಾ ಯೂನಿಫಾರ್ಮಿನಲ್ಲೇ ಪಕ್ಕಕ್ಕೆ ಕುಳಿತು ಮತ್ತೆ ಅಂಗೈ ಕೊಟ್ಟಳು.

ಕೈ ಪೂರ್ತಿ ನಿಂತಿರಲಿಲ್ಲ. ಆದರೆ ಆರು ಗಂಟೆಯ ಕೈ ಅದಾಗಿರಲಿಲ್ಲ. ಒಳಗೆಲ್ಲೋ ಸಣ್ಣಗೆ ಮಿಡಿಯುತ್ತಿತ್ತು, ಅಷ್ಟೇ. ಲಿಂಗ ಅಂಗೈಯ ಗುಳಿಯಲ್ಲಿ ಕುಳಿತೇ ಇತ್ತು. ಅಜ್ಜ ಬಲಗೈಯಿಂದ ನೀರೆರೆದ, ವಿಭೂತಿ ಹಚ್ಚಿದ, ಒಂದು ಹೂವಿನ ಎಸಳು ಇಟ್ಟ. ಎಸಳು ಬೀಳಲಿಲ್ಲ.

"ಸಹನಾ, ಟೈಮ್ ಆತು!" ಅವ್ವ ಹೊರಗಿಂದ ಕೂಗಿದಳು. ಮತ್ತೆ ಅವಳೇ, "ಇರ್ಲಿ ಬಿಡು, ನಾ ಟೀಚರ್‌ಗೆ ಫೋನ್ ಮಾಡ್ತೇನಿ" ಅಂದಳು.

"ಇನ್ನ ಬಿಡವಾ," ಅಂದ ಅಜ್ಜ. "ಈಗ ನನಗ ಬರ್ತೈತಿ."

ಸಹನಾ ಮೆಲ್ಲಗೆ ತನ್ನ ಕೈ ಜಾರಿಸಿಕೊಂಡಳು. ಅಜ್ಜನ ಅಂಗೈ ತಾನೊಂದೇ ಗಾಳಿಯಲ್ಲಿ ನಿಂತಿತು. ಅವನು ಲಿಂಗದ ಮೇಲೆ ದೃಷ್ಟಿ ನೆಟ್ಟು ಕುಳಿತ.

ಆದರೂ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಜ್ಜನಿಗೆ ತಾಗದಂತೆ, ಅವನ ಕೈಯ ಕೆಳಗೆ ಬೆರಳಷ್ಟು ದೂರದಲ್ಲಿ ಹಾಗೇ ಹಿಡಿದುಕೊಂಡಳು. ಭುಜ ನೋಯತೊಡಗಿತು. ಅವಳು ಕುಳಿತೇ ಇದ್ದಳು.