ಹುರುಳಿ ಚೀಲದ ಕೌದಿ

ಕುದುರೆಗಳೂ ಮಾತಾಡುತ್ತಿದ್ದ ಕಾಲದಲ್ಲಿ ಕುದುರೆಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಲಾಯದಲ್ಲಿ ಸಂಕವ್ವ ಹುರುಳಿ ಬೇಯಿಸುತ್ತಿದ್ದಳು. ಹುರುಳಿ ಕುದುರೆಗೆ, ಖಾಲಿಯಾದ ಬಟ್ಟೆಚೀಲ ಸಂಕವ್ವನಿಗೆ. ಅದನ್ನು ಒಗೆದು ಮಗಳು ಹೊನ್ನಿಗೆ ಲಂಗ, ಮಗ ಕಲ್ಲನಿಗೆ ಅಂಗಿ, ಮನೆಗೆ ದಿಂಬು ಹೊಲಿದಳು. ಉಳಿದ ಚಿಂದಿಯಲ್ಲಿ ಒಂದು ಕೌದಿ. ಹೊಸ ಕೌದಿಯ ಹೊಟ್ಟೆ ಬರಿದಿರಬಾರದಲ್ಲ, ಮೂಲೆಯೊಳಗೆ ರೊಟ್ಟಿಚೂರಿಟ್ಟು ಮುಚ್ಚಿದಳು. ಕಲ್ಲ ಮಲಗಿದಲ್ಲೇ ಮೂಲೆ ಬಿಚ್ಚಿ ಅದನ್ನು ತಿಂದುಬಿಡುತ್ತಿದ್ದ. ತಾಯಿ ಬೈಯುತ್ತಲೇ ಮತ್ತೆ ರೊಟ್ಟಿಯಿಟ್ಟು ಹೊಲಿಯುತ್ತಿದ್ದಳು.

ಕಲ್ಲನ ಅಂಗಿಯ ಬೆನ್ನಿಗೆ ಚೀಲದ ಮೇಲಿದ್ದ ಲಾಯದ ಕುದುರೆಮುದ್ರೆ ಹಾಗೇ ಉಳಿದಿತ್ತು. ಬೆಳೆದ ಮೇಲೆ ಅವನಿಗೆ ಅದು ನಾಚಿಕೆ. ಗುಡ್ಡದ ಮಾಂತ್ರಿಕ ಧೂಮಾಕ್ಷ ಅವನನ್ನು ಕರೆದು ರೇಷ್ಮೆಯ ಅಂಗಿ ಕೊಟ್ಟ. ಅದನ್ನು ತೊಟ್ಟವರು ಮನೆ ಮರೆತು ಅವನ ಆಳಾಗುತ್ತಿದ್ದರು. ಕಲ್ಲನೂ ಮರೆತ. ಸಂಕವ್ವ ಅನ್ನ ನೀರು ಬಿಟ್ಟಳು.

"ಅಳಬ್ಯಾಡ ಯವ್ವಾ, ಅಣ್ಣನ್ನ ಕರಕೊಂಡ ಬರತೀನಿ," ಎಂದಳು ಹೊನ್ನಿ. ತಾಯಿ ಕೌದಿಯ ಮೂಲೆಗೆ ಹೊಸ ರೊಟ್ಟಿಚೂರಿಟ್ಟು ಹೊಲಿದುಕೊಟ್ಟಳು.

ಗುಡ್ಡದ ಬಾಗಿಲಲ್ಲಿ ಬೆಂಕಿ ಉಗುಳುವ ಕುದುರೆ ನಿಂತಿತ್ತು. ಅದು ಕೌದಿ ಮೂಸಿ, "ನನ್ನ ಮರಿಗಾಲದ ಹುರುಳಿ ವಾಸನಿ! ಸಂಕವ್ವನ ಮಗಳೇನ?" ಎಂದು ದಾರಿ ಬಿಟ್ಟಿತು.

ಒಳಗೆ ರಕ್ತ ಹೆಪ್ಪುಗಟ್ಟಿಸುವ ಗಾಳಿ. ಹೊನ್ನಿ ಕೌದಿ ಹೊದ್ದು ಗುನುಗುತ್ತ ದಾಟಿದಳು. ಗಾಳಿಗೇ ಚಳಿಯಾಗಿರಬೇಕು.

ಧೂಮಾಕ್ಷ ನಕ್ಕು, ಕಲ್ಲನದೇ ಮುಖದ ಮೂವರನ್ನು ಮಲಗಿಸಿದ. "ಇವರಲ್ಲಿ ನಿನ್ನ ಅಣ್ಣ ಯಾರೆಂದು ಹೇಳು. ತಪ್ಪಿದರೆ ನೀನೂ ನನ್ನ ಆಳು."

"ಅಣ್ಣಾ!" ಎಂದಳು. ಯಾರೂ ಅಲುಗಲಿಲ್ಲ. ಹೊನ್ನಿಗೆ ಈಗ ನಿಜಕ್ಕೂ ಭಯವಾಯಿತು. ಕೌದಿಯನ್ನು ಮೊದಲನೆಯವನಿಗೆ ಹೊದಿಸಿದಳು, ಒದ್ದುಬಿಟ್ಟ. ಎರಡನೆಯವನಿಗೆ ಹೊದಿಸಿದಳು, ಮೂಗು ಮುಚ್ಚಿಕೊಂಡ. ಮೂರನೆಯವನಿಗೆ ಹೊದಿಸಿದಳು. ಅವನ ಬೆರಳು ನಿದ್ದೆಯಲ್ಲೇ ಮೂಲೆ ಹುಡುಕಿತು, ದಾರ ಕಿತ್ತಿತು, ರೊಟ್ಟಿ ಬಾಯಿಗೆ ಸೇರಿತು.

"ಕಳ್ಳಾ! ಯವ್ವ ಬೈತಾಳ ನೋಡು!"

ಕಲ್ಲ ಧಡಕ್ಕನೆ ಎದ್ದು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, "ನಾ ತಿಂದಿಲ್ಲೇ ಹೊನ್ನೀ!" ಎಂದ.

ರೇಷ್ಮೆ ಬೂದಿಯಾಯಿತು. ಧೂಮಾಕ್ಷ ಹೊಗೆಯಾಗಿ ಕಿಂಡಿಯಿಂದ ಹೋದ. ಆಳುಗಳೆಲ್ಲ ತಮ್ಮ ತಮ್ಮ ಮನೆಯ ದಾರಿ ಹಿಡಿದರು. ಮನೆಗೆ ಬಂದ ಕಲ್ಲ ಕುದುರೆಮುದ್ರೆಯ ಅಂಗಿಯನ್ನೇ ಕೇಳಿ ಹಾಕಿಕೊಂಡ.

ಸಂಕವ್ವ ಮಗನನ್ನು ಬೈದಳು, ತಬ್ಬಿಕೊಂಡಳು, ಸೂಜಿಗೆ ದಾರ ಪೋಣಿಸಿದಳು. ಎಲ್ಲರೂ ಸುಖವಾಗಿದ್ದರು. ಕೌದಿಯ ಮೂಲೆಗೆ ಈ ಸಲ ಅವಳು ಇಡೀ ರೊಟ್ಟಿಯನ್ನೇ ಮಡಚಿಟ್ಟು ಹೊಲಿದಳು.