ಹಲ್ಲಿಗೆ ಗೊತ್ತಿದ್ದ ಹದ

"ಈ ಹಾಲಲ್ಲಿ ವಿಷ ಇದೆ, ಡಾಕ್ಟ್ರಮ್ಮ!"

ಬಲೆ ಹೆಣೆಯುವ ಯಜಮಾನರ ಹೆಂಡತಿ, ಸೆರಗಿನಡಿ ಮುಚ್ಚಿ ತಂದ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಅರ್ಧ ಹಾಲು ನನ್ನ ಚೀಟಿಗಳ ಮೇಲೆ ಚೆಲ್ಲಿತು. ನಾನು ಈ ದವಾಖಾನೆಯ ಕಂಪೌಂಡರ್. ಎಂಟು ತಿಂಗಳಿಂದ ಅವರ ಗಂಡನ ಹೊಟ್ಟೆನೋವಿಗೆ ಗ್ಯಾಸಿನ ಮಾತ್ರೆ, ಮಲಬದ್ಧತೆಗೆ ಪುಡಿ ಕಟ್ಟಿಕೊಟ್ಟವನು ನಾನೇ. ಗುಣ ಕಾಣಲಿಲ್ಲ, ಅದು ಬೇರೆ ಮಾತು. ಡಾಕ್ಟ್ರಮ್ಮ ಇಲ್ಲಿಗೆ ಬಂದು ಇನ್ನೂ ತಿಂಗಳಾಗಿಲ್ಲ.

"ಯಾರು ಹಾಕಿದ್ದು?" ಎಂದರು ಡಾಕ್ಟ್ರಮ್ಮ.

"ಇನ್ಯಾರು? ಸೊಸೆ! ರಾತ್ರಿ ಹಾಲು ಕೊಡೋಳು ಅವಳೊಬ್ಬಳೇ. ದೊಡ್ಡಾಸ್ಪತ್ರೇಲಿ ಹತ್ತು ದಿನ ಇದ್ರಲ್ಲ, ಬರಬರ್ತಾ ನೋವು ನಿಂತೇಹೋಯ್ತು. ಹುಣ್ಣಿಲ್ಲ, ಕಲ್ಲಿಲ್ಲ ಅಂದ್ರು. ಮನೆಗೆ ಬಂದು ತಿಂಗಳಾಗಿಲ್ಲ, ಮತ್ತೆ ಒದ್ದಾಟ! ಸಂಜೆ ಅವಳಣ್ಣ ಬರ್ತಾನೆ. ಬಸುರಿಯಾದ್ರೇನು, ಕಳಿಸಿಬಿಡ್ತೀನಿ."

ನಾನು ತಲೆಯಾಡಿಸಿದೆ. ಸುಳ್ಳೇಕೆ ಹೇಳಲಿ, ಸಂಶಯ ನನಗೂ ಇತ್ತು. ಆಸ್ಪತ್ರೆಯ ಊಟಕ್ಕೆ ನಿಂತ ನೋವು ಮನೆಯ ಊಟಕ್ಕೆ ಬಂದರೆ ಇನ್ನೇನು ಅರ್ಥ?

"ಅಲ್ಲಿ ಯಜಮಾನ್ರು ಇಡೀ ದಿನ ಏನ್ಮಾಡ್ತಿದ್ರು?"

"ಏನ್ಮಾಡ್ತಾರೆ? ಮಲಗಿದ್ರು. ಬಲೆ ಇಲ್ದೆ ಕೈ ತುರಿಸುತ್ತೆ ಅಂತ ಗೊಣಗ್ತಿದ್ರು."

ಡಾಕ್ಟ್ರಮ್ಮ ಚೀಲ ಎತ್ತಿಕೊಂಡರು. "ಕಂಪೌಂಡ್ರೇ, ನಡೀರಿ."

ಹೊಸ್ತಿಲಲ್ಲೇ ಸೊಸೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು. ಐದು ತಿಂಗಳ ಬಸುರಿ. ಗಂಡ ದೋಣಿಯಲ್ಲಿ ಹೋದವನು, ಬರಲು ಇನ್ನೂ ವಾರವಿತ್ತು. ಅತ್ತೆಯನ್ನು ಕಂಡು ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

ಒಳಗೆ ಯಜಮಾನರು ಎಡಗೈಯಿಂದ ಹೊಟ್ಟೆ ಅದುಮಿಕೊಂಡೇ ಬಲೆಯ ಅಂಚಿಗೆ ಸೀಸದ ಗುಂಡು ಕೂಡಿಸುತ್ತಿದ್ದರು. ಬಲೆ ನೀರಲ್ಲಿ ಮುಳುಗಲು ಬೇಕಾದ ಭಾರ ಅದು. ಗುಂಡಿನ ಸೀಳಿಗೆ ದಾರ ಸೇರಿಸುವುದು, ಬಾಯಿಗೆ ಒಯ್ದು ಹಲ್ಲಿಂದ ಸೀಳನ್ನು ಕಚ್ಚಿ ಮುಚ್ಚುವುದು, ಕಟಕ್! ಮತ್ತೊಂದು ಗುಂಡು ದವಡೆಯಿಂದಲೇ ಈಚೆ ಬಂತು.

"ಬಾಯಲ್ಲಿ ಎಷ್ಟಿವೆ, ಯಜಮಾನ್ರೇ?"

"ನಾಲ್ಕೈದು. ಪೆಪ್ಪರಮೆಂಟಿನ ಥರ ಇಟ್ಕೊಂಡ್ರೆ ಕೈಗೆ ಬೇಗ ಸಿಗುತ್ತೆ."

"ಇಕ್ಕಳ ಇಲ್ವೆ?"

ಅವರು ನಕ್ಕರು. "ಇಕ್ಕಳ ದಾರಾನೇ ಕಡಿದುಹಾಕುತ್ತೆ, ತಾಯಿ. ಹದ ಹಲ್ಲಿಗೆ ಮಾತ್ರ ಗೊತ್ತು. ನಮ್ಮಪ್ಪ ಕಲಿಸಿದ್ದು."

"ನಿಮ್ಮಪ್ಪ ಯಾವುದರಿಂದ ತೀರಿಕೊಂಡ್ರು?"

ನಗು ನಿಂತಿತು. "ಹೊಟ್ಟೆನೋವು..."

ಡಾಕ್ಟ್ರಮ್ಮ ಅವರ ತುಟಿ ಮೇಲೆತ್ತಿ ಟಾರ್ಚು ಬಿಟ್ಟರು. ವಸಡಿನ ಅಂಚಿನುದ್ದಕ್ಕೂ ನೀಲಿಗಪ್ಪು ಗೆರೆ. ಎಂಟು ತಿಂಗಳು ಈ ಬಾಯಿಗೆ ಮಾತ್ರೆ ಹಾಕಿದವನು ನಾನು, ಒಂದು ದಿನ ತುಟಿ ಎತ್ತಿ ನೋಡಲಿಲ್ಲ.

"ಅಮ್ಮಾ, ವಿಷ ಇರೋದು ನಿಜ. ಹಾಲಲ್ಲಲ್ಲ, ಈ ಗುಂಡಿನಲ್ಲಿ. ವಸಡಿನ ಈ ಗೆರೆ ಸೀಸದ್ದೇ ಗುರುತು. ಸೀಸ ದಿನಾ ಚೂರುಚೂರೇ ಹೊಟ್ಟೆಗಿಳಿದು ಕರುಳನ್ನ ಹಿಂಡುತ್ತೆ, ಮಲ ಕಟ್ಟುತ್ತೆ. ಆಸ್ಪತ್ರೇಲಿ ಬದಲಾದದ್ದು ಊಟ ಒಂದೇ ಅಂದ್ಕೊಂಡ್ರಿ. ಅಲ್ಲಿ ಬಲೆಯೂ ಇರಲಿಲ್ಲ."

ಅತ್ತೆ ಹಣೆ ಬಡಿದುಕೊಂಡರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ನಲ್ಲಾ!" ಹೊಸ್ತಿಲಿಗೆ ಹೋಗಿ ಸೊಸೆಯ ಗಂಟನ್ನು ಕಿತ್ತುಕೊಂಡರು. "ಒಳಗೆ ಬಾರೇ. ಎಲ್ಲಿಗೂ ಹೋಗೋದು ಬೇಡ. ನನ್ನದು ತಪ್ಪಾಯ್ತು."

ನನಗೂ ಎದೆ ಹಗುರಾಯಿತು. ಕೇಸು ಮುಗಿಯಿತು ಎಂದುಕೊಂಡೆ. ಆದರೆ ಡಾಕ್ಟ್ರಮ್ಮ ಕದಲಲಿಲ್ಲ. ಅವರ ಕಣ್ಣು ಗೋಡೆಗೆ ಒರಗಿಸಿದ್ದ ಇನ್ನೊಂದು ಬಲೆಯ ಮೇಲಿತ್ತು. ಅದರ ಗುಂಡುಗಳ ಮೇಲಿನ ಹಲ್ಲಿನ ಗುರುತು ಸಣ್ಣದಾಗಿತ್ತು.

"ಇದು ಯಾರ ಕೆಲಸ?"

ಯಜಮಾನರು ತಲೆ ತಗ್ಗಿಸಿದರು. "ನೋವು ಜಾಸ್ತಿಯಾದಾಗ... ಸೊಸೆ ಪಾಪ, ನೀವು ಮಲಗಿ ಮಾವ, ನಾನು ಮಾಡ್ತೀನಿ ಅಂದ್ಲು. ನಾನೇ ಕಲಿಸಿಕೊಟ್ಟೆ."

ಡಾಕ್ಟ್ರಮ್ಮ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಬಾಯಿ ತೆಗಿಯಮ್ಮ."

ತೆಳುವಾಗಿತ್ತು, ಆದರೂ ಅದೇ ಗೆರೆ.

"ಹೊಟ್ಟೆ ನೋಯುತ್ತಾ?"

"ಎರಡು ತಿಂಗಳಿಂದ. ಬಸುರೀಲಿ ಹೀಗೇನೇ ಅಂದ್ರು ಅತ್ತೆ. ಸುಮ್ಮನಾದೆ."

ಮಾವನಿಗಿದ್ದಂಥದೇ ನೋವು ಅವಳಿಗೂ ಇತ್ತು. ಅದನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಅವಳ ಮೇಲೆ ಸಂಶಯವೇ ಬರುತ್ತಿರಲಿಲ್ಲ.

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದಕ್ಕೂ ಇಳಿದಿರುತ್ತಾ, ಡಾಕ್ಟ್ರಮ್ಮ?"

"ಇಳಿಯುತ್ತೆ. ಎಷ್ಟು ಅಂತ ಈಗ ಹೇಳಲಾರೆ. ನಾಳೆ ಬೆಳಿಗ್ಗೆ ಇಬ್ಬರಿಗೂ ದೊಡ್ಡಾಸ್ಪತ್ರೇಲಿ ರಕ್ತ ಪರೀಕ್ಷೆ ಆಗಬೇಕು. ಇವತ್ತಿಂದ ಗುಂಡು ಮುಟ್ಟಬೇಡಿ."

ಯಜಮಾನರು ಬಾಯಲ್ಲಿದ್ದ ಗುಂಡುಗಳನ್ನು ಅಂಗೈಗೆ ಉಗಿದರು. ಅತ್ತೆ ಗಂಟು ಹಿಡಿದುಕೊಂಡೇ ನನ್ನತ್ತ ತಿರುಗಿದರು. "ಕಂಪೌಂಡ್ರೇ, ನಿಮ್ಮ ಹತ್ರ ಯಾವಾಗ್ಲೂ ಏನಾದ್ರೂ ಇರುತ್ತಲ್ಲ. ಹೊಟ್ಟೇಲಿರೋ ಮಗುವಿಗೆ ಒಂದು ಮಾತ್ರೆ ಕೊಡಿ."

ನಾನು ನನ್ನ ಚೀಲಕ್ಕೆ ಕೈ ಹಾಕಿದೆ. ಗ್ಯಾಸಿನ ಮಾತ್ರೆಗಳಷ್ಟೇ ಇದ್ದವು. ಕೈಯನ್ನು ಹಾಗೇ ಒಳಗಿಟ್ಟುಕೊಂಡು ನಿಂತೆ.