ಹೊಂಗೆ ಮರಕ್ಕೆ ಮೆತ್ತಿದ ಸಗಣಿ

"ಸುಕನ್ಯಾ, ಸಗಣಿ ಮೆತ್ತಿ ಮುಚ್ಚಿದ್ರೆ ನಂಗೆ ಕಾಣಲ್ಲ ಅನ್ಕೊಂಡ್ಯಾ?"

ಪ್ರೀತಿಸಿದವನು ವಾರದ ಮೇಲೆ ಸಿಕ್ಕಾಗ ಆಡುವ ಮೊದಲ ಮಾತಾ ಇದು! ಫಾರೆಸ್ಟ್ ಗಾರ್ಡ್ ಚೇತನ್‌ಕುಮಾರ್ ಬೈಕ್ ನಿಲ್ಲಿಸಿದವನು ನನ್ನ ಕಡೆ ನೋಡಲೇ ಇಲ್ಲ. ನೇರ ನಮ್ಮ ಬೇಲಿ ಪಕ್ಕದ ಹೊಂಗೆ ಮರದ ಬುಡ ತಡವಿದ. ಇವನಿಗಾಗಿ ಕನಕಾಂಬರ ಮುಡಿದೆನಲ್ಲ, ನನಗೆ ಬೇಕಿತ್ತು.

ಆ ಮರ ಬೆಟ್ಟದಪುರದ ರಸ್ತೆ ಬದಿಯದು, ಸರ್ಕಾರದ್ದು. ಹಸಿ ಮರ ಕಡಿದರೆ ಕೇಸು. ಅದಕ್ಕೇ ಕೆಲವರು ಬುಡದ ಸುತ್ತ ತೊಗಟೆ ಸುಲಿದು ಬಿಡುತ್ತಾರೆ. ಮರ ತಾನಾಗಿ ಒಣಗಿತು ಅಂತ ಆಮೇಲೆ ಕಡಿಯಲು ಪರ್ಮಿಷನ್ ಕೇಳುತ್ತಾರೆ. ಬೆಳೆದ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಲು ಸೌದೆ ಬೇಕಲ್ಲ, ನಮ್ಮಪ್ಪ ನಿಂಗಯ್ಯನೂ ಅದನ್ನೇ ಮಾಡಿದ್ದ. ನಾನು ನೋಡುವಷ್ಟರಲ್ಲಿ ಒಂದು ಗೇಣು ತೊಗಟೆ ಮಾತ್ರ ಉಳಿದಿತ್ತು. ಅಷ್ಟಿದ್ದರೂ ಮರ ಬದುಕೀತು ಅಂತ ಕೆಮ್ಮಣ್ಣು, ಸಗಣಿ ಕಲೆಸಿ ಈಗಷ್ಟೇ ಗಾಯಕ್ಕೆ ಮೆತ್ತಿದ್ದೆ. ಈ ಮಹಾರಾಯ ಅದನ್ನೇ ಸಾಕ್ಷಿ ಮುಚ್ಚಿದ್ದು ಅಂದುಕೊಂಡ!

"ಮುಚ್ಚೋಕಲ್ಲ ಕಣ್ರೀ, ಉಳಿಸೋಕೆ," ಅಂದೆ. "ನೀವು ಕಾಯೋ ಮರ ಅಂತ ಮೆತ್ತಿದ್ನಲ್ಲ, ನಂಗೆ ಬುದ್ಧಿ ಇಲ್ಲ."

ಅವನು ಉಳಿದ ತೊಗಟೆಯ ಮೇಲೆ ಬೆರಳಾಡಿಸಿದ. ನನ್ನ ಸಗಣಿ ಕೈ ನೋಡಿದ. ಆಮೇಲೆ, ಅಬ್ಬಾ, ಕೊನೆಗೂ ಮುಖ ನೋಡಿದ. ಕನಕಾಂಬರವನ್ನೂ ನೋಡಿದ. ಅವನ ಕಿವಿ ಕೆಂಪಾಯಿತು.

"ತಪ್ಪಾಯ್ತು ಕಣೆ. ಆದ್ರೆ ಸುಲಿದೋರು ಯಾರು?"

ಈ ಭಾನುವಾರ ಅಪ್ಪ ಇವನ ಮನೆಯವರನ್ನು ಮದುವೆ ಮಾತಿಗೆ ಕರೆದಿದ್ದ. ಹೆಸರು ಹೇಳಿದರೆ ಆ ಮಾತು ಮುರಿಯುತ್ತದೆ. ಹೇಳದಿದ್ದರೆ ಅಪ್ಪ ಮತ್ತೆ ಮಚ್ಚು ಹಿಡಿಯುತ್ತಾನೆ, ಉಳಿದ ಗೇಣೂ ಹೋಗುತ್ತದೆ. ಥೂ, ಇಡೀ ತಾಲ್ಲೂಕಿನಲ್ಲಿ ನನಗೆ ಗಾರ್ಡೇ ಸಿಗಬೇಕಿತ್ತಾ?

"ಗೊತ್ತಿದ್ದೂ ಕೇಳ್ತೀರಲ್ಲ!"

"ಗೊತ್ತು. ನಿನ್ನ ಬಾಯಿಂದ ಬ್ಯಾಡ ಬುಡು. ನಿಮ್ಮಪ್ಪನ್ನೇ ಕೇಳ್ತೀನಿ, ಕೇಸ್ ಬರೀತೀನಿ. ಭಾನುವಾರ ಹೆಣ್ಣೂ ಕೇಳ್ತೀನಿ."

"ಓಡಿಸ್ತಾನೆ."

"ಮುಂದಿನ ಭಾನುವಾರ ಬತ್ತೀನಿ."

"ಆಗ್ಲೂ ಓಡಿಸ್ತಾನೆ."

"ನೀನು ಓಡಿಸಲ್ವಲ್ಲ?"

ನಗು ಬಂತು, ಅಳು ಬಂತು, ಎರಡಕ್ಕಿಂತ ಹೆಚ್ಚು ಸಿಟ್ಟು ಬಂತು. ಕೇಸೂ ಬಿಡಲ್ಲ, ನನ್ನನ್ನೂ ಬಿಡಲ್ಲ, ಎಂಥ ಮೊಂಡ! ಆ ಮೊಂಡತನಕ್ಕೇ ಅಲ್ಲವೇ ನಾನು ಸೋತಿದ್ದು.

ಹಟ್ಟಿಯೊಳಗಿಂದ ಅಪ್ಪ ಕೂಗಿದ. "ಯಾರವ್ವಾ ಅದು?"

ಚೇತನ್ ಟೋಪಿ ಸರಿಮಾಡಿಕೊಂಡು ಬಾಗಿಲ ಕಡೆ ಹೊರಟ. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನಿಗಿಂತ ಮುಂದೆ ಹೋಗಿ ನಿಂತೆ.

"ನಿನ್ ಅಳಿಯ ಕಣಪ್ಪಾ," ಅಂದೆ. "ಕೇಸ್ ಬರೆಯೋಕೆ ಬಂದವ್ರೆ."